ಲೈನ್ ಮನೆಯವರಿಗೆ ಕೆಲಸ ನಿಂತ ಮೇಲೆ ಊರು ಯಾವುದು?

ಲೈನ್ ಮನೆ ಮಗಳು, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಹುಟ್ಟಿದ್ದು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕೆಲಸದವರಿಗೆ ತೋಟದವರು ಕೊಡುವ ಸಾಲು ಮನೆಯಲ್ಲಿ. ಈಗ ಹಾಸನದಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ ಅಮ್ಮ ಇನ್ನೂ ಅದೇ ಲೈನಿನಲ್ಲಿದ್ದಾರೆ. ಅಪ್ಪ ಆ ತೋಟಕ್ಕೆ ಬಂದಾಗ ಅವರಿಗೆ 18 ವರ್ಷ. ಮರಗಸಿಗೆ (ನೆರಳಿನ ಮರದ ಕೊಂಬೆ ಕಡಿಯುವುದಕ್ಕೆ) ಅವರೇ ಬೇಕು ಎಂದು ಪಕ್ಕದ ತೋಟದವರೂ ಕೇಳಿಕೊಂಡು ಬರುತ್ತಿದ್ದರು. ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಮೆಣಸು ಕುಯ್ದವರು. ಹೋದ ವರ್ಷ ಶಿವರಾತ್ರಿ ಹೊತ್ತಿಗೆ ಏಣಿ ಜಾರಿ ಬಿದ್ದರು. ಸೊಂಟಕ್ಕೆ ಪೆಟ್ಟಾಯಿತು. ಆಮೇಲೆ ಮರ ಹತ್ತಿಲ್ಲ. ಕಣದಲ್ಲಿ ಕಾಫಿ ಹರಡುವುದು, ಬೇಲಿ ಕಟ್ಟುವುದು, ಇಂಥವೇ ಸಣ್ಣಪುಟ್ಟ ಕೆಲಸ.

ಈ ಯುಗಾದಿಗೆ ಅವರಿಗೆ ಅರವತ್ತು ತುಂಬಿತು. ಅದರ ಮರುವಾರ ತೋಟದ ಲೆಕ್ಕ ಬರೆಯುವ ರೈಟರ್ ಬಂದು, "ಮಳೆಗಾಲ ಹಿಡಿಯೋದ್ರೊಳಗೆ ಮನೆ ಖಾಲಿ ಮಾಡಿಕೊಡಿ, ಕೆಲಸಕ್ಕೆ ಅಸ್ಸಾಂ ಕಡೆಯವರು ಬರ್ತಾರೆ" ಎಂದರು. ಗದರಿಸಿ ಹೇಳಲಿಲ್ಲ, ಅದನ್ನೂ ಹೇಳಬೇಕು. ಅಮ್ಮ ಕಾಫಿ ಕೊಟ್ಟರು. ಕುಡಿದು ಹೋದರು.

42 ವರ್ಷ ಇದ್ದ ಮನೆ. ನಾನು, ನನ್ನ ತಮ್ಮ ಇಬ್ಬರೂ ಅಲ್ಲೇ ಹುಟ್ಟಿದ್ದು. ಅಜ್ಜಿ ತೀರಿಕೊಂಡಿದ್ದೂ ಅಲ್ಲೇ. ಎರಡು ಕೋಣೆ, ಮುಂದೆ ಒಂದು ಜಗಲಿ, ಹಿಂದೆ ಸೌದೆ ಒಲೆ. ಅಮ್ಮ ಪ್ರತಿ ವರ್ಷ ದೀಪಾವಳಿಗೆ ತಾವೇ ಸುಣ್ಣ ಹೊಡೆಯುತ್ತಿದ್ದರು.

ಇಷ್ಟು ವರ್ಷ ನೋಡಿದ ಮೇಲೆ ನನಗೆ ಅನ್ನಿಸುವುದು ಇಷ್ಟೇ. ನಮ್ಮವರಿಗೆ ಮೊದಲಿಗಿಂತ ಕೂಲಿ ಜಾಸ್ತಿಯಾಗಿದೆ. ಅನ್ನಭಾಗ್ಯದ ಅಕ್ಕಿ ಬರುತ್ತದೆ. ಅಮ್ಮನ ಖಾತೆಗೆ ಗೃಹಲಕ್ಷ್ಮಿ 2,000 ರೂಪಾಯಿ ಬೀಳುತ್ತದೆ. ಹಸಿದು ಮಲಗುವ ಕಾಲ ಹೋಯಿತು, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಮನೆ ಮಾತ್ರ ಕೆಲಸಕ್ಕೆ ಅಂಟಿಕೊಂಡಿದೆ. ಕೆಲಸ ಬಿಟ್ಟರೆ ಮನೆ ಬಿಡಬೇಕು. ಅದೇ ಭಯಕ್ಕೆ ಅಪ್ಪ ಎಂದೂ ಕೂಲಿ ಜಾಸ್ತಿ ಕೇಳಲಿಲ್ಲ. ಪೆಟ್ಟಾದಾಗ ಪರಿಹಾರ ಕೇಳಲಿಲ್ಲ. ನಾನು ಪಿಯುಸಿ ಮುಗಿಸಿದಾಗ, "ನೀನೂ ತೋಟಕ್ಕೆ ಹೆಸರು ಕೊಡು, ಇಲ್ಲಾಂದ್ರೆ ಮನೆಯಲ್ಲಿ ಕೆಲಸಕ್ಕೆ ಹೋಗೋರು ಕಡಿಮೆ ಅಂತಾರೆ" ಎಂದು ಅಮ್ಮ ಅತ್ತಿದ್ದರು.

ಇದೇ ಸ್ಥಿತಿ ದಾಟಿ ಬಂದವರು ಯಾರಾದರೂ ಇದ್ದೀರಾ? ಎಲ್ಲಿಗೆ ಹೋದಿರಿ? ಏನು ಕೇಳಿ ಪಡೆದಿರಿ? ನನ್ನ ತಮ್ಮ ಬೆಂಗಳೂರಿನಲ್ಲಿ ನಾಲ್ಕು ಜನರ ಜೊತೆ ಒಂದು ರೂಮಿನಲ್ಲಿದ್ದಾನೆ. ನನ್ನದು ಹಾಸ್ಟೆಲ್. ಅಪ್ಪ ಅಮ್ಮನನ್ನು ಎಲ್ಲಿಡಲಿ ಎಂಬುದೇ ಈಗಿನ ಪ್ರಶ್ನೆ.

ಹಳೇ ಯೂನಿಯನ್, ಚಿಕ್ಕಮಗಳೂರು

ತಂಗೀ, ಮೊದಲು ಒಂದು ಮಾತು. ಮನೆ ಖಾಲಿ ಮಾಡುವ ಮುಂಚೆ ಲೆಕ್ಕ ಚುಕ್ತಾ ಆಗಬೇಕು. ಯಾವ ಕಾಗದಕ್ಕೂ ಅಪ್ಪ ಈಗಲೇ ಹೆಬ್ಬೆಟ್ಟು ಒತ್ತಬಾರದು, ಸಹಿ ಹಾಕಬಾರದು.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಇಷ್ಟು ವರ್ಷದ ಸೇವೆಗೆ ಕೊಡಬೇಕಾದ ಹಣ, ಕೊಟ್ಟಿದ್ದಾರಾ ಕೇಳು. 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿ ತೋಟಗಳ ಹೆಸರು ಸ್ಪಷ್ಟವಾಗಿ ಇತ್ತು, 2025ರ ನವೆಂಬರ್‌ನಿಂದ ಅದು ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ. ಬಿಡದೆ ಐದು ವರ್ಷ ಕೆಲಸ ಮಾಡಿದವರಿಗೆ ವರ್ಷಕ್ಕೆ 15 ದಿನದ ಕೂಲಿ. ದಿನಕ್ಕೆ 450 ರೂಪಾಯಿ ಕೂಲಿ ಎಂದು ಇಟ್ಟುಕೊಂಡರೆ 15 ದಿನಕ್ಕೆ 6,750. ಅದನ್ನು 42ರಿಂದ ಗುಣಿಸು, 2,83,500 ರೂಪಾಯಿ ಆಗುತ್ತದೆ. ಇದು ಸಾಹುಕಾರರು ಕೈಯೆತ್ತಿ ಕೊಡುವ ಉಡುಗೊರೆ ಅಲ್ಲ, ಅಪ್ಪ ದುಡಿದಿಟ್ಟ ಹಣ. ಆದರೆ ಚೆಕ್‌ರೋಲಿನಲ್ಲಿ (ತೋಟದ ಹಾಜರಿ ಪುಸ್ತಕದಲ್ಲಿ) ಅಪ್ಪನ ಹೆಸರು ಅಷ್ಟೂ ವರ್ಷ ಇರಬೇಕು. ಎಷ್ಟೋ ಕಡೆ ನಡುವೆ ಒಂದೆರಡು ತಿಂಗಳು ಹೆಸರು ಬಿಟ್ಟು, ಆಮೇಲೆ ಹೊಸದಾಗಿ ಸೇರಿಸಿರುತ್ತಾರೆ. ಅದನ್ನು ನೋಡಬೇಕು.

ಎರಡನೆಯದು, ಪಿಎಫ್. ಹತ್ತು ವರ್ಷ ಪಿಎಫ್ ಕಟ್ಟಿದ್ದರೆ 58ಕ್ಕೆ ಪಿಂಚಣಿ ಶುರುವಾಗುತ್ತದೆ. 2014ರಿಂದ ಅದು ತಿಂಗಳಿಗೆ ಕನಿಷ್ಠ 1,000 ರೂಪಾಯಿ. ಸಣ್ಣ ಮೊತ್ತವೇ, ಆದರೂ ಬಿಡಬಾರದು.

ಮೂರನೆಯದಕ್ಕೆ ಅವಸರ ಇದೆ. ಏಣಿಯಿಂದ ಬಿದ್ದ ದಿನಾಂಕ ಯಾವುದು? ಕೆಲಸದ ಮೇಲೆ ಪೆಟ್ಟಾದರೆ ಪರಿಹಾರದ ಅರ್ಜಿಯನ್ನು ಎರಡು ವರ್ಷದೊಳಗೆ ಹಾಕಬೇಕು. ಹೋದ ವರ್ಷ ಶಿವರಾತ್ರಿ ಎಂದರೆ ಇನ್ನೂ ಸಮಯ ಇದೆ. ಆಸ್ಪತ್ರೆ ಚೀಟಿ, ಎಕ್ಸ್‌ರೇ ಎಲ್ಲ ಹುಡುಕಿ ಇಡು.

ಲೈನ್ ಮನೆ ಮಗಳು, ಮೂಡಿಗೆರೆ

ಅಣ್ಣ, ಎಕ್ಸ್‌ರೇ ಇದೆ. ಅಮ್ಮ ಅದನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಾರೆ. ಗ್ರಾಚ್ಯುಟಿ ವಿಷಯ ಯಾರೂ ಹೇಳಿಲ್ಲ. ಅಪ್ಪನಿಗೆ ಫೋನಿನಲ್ಲಿ ಮೊತ್ತ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ "ಅಷ್ಟು ಕೇಳಿದರೆ ಸಾಹುಕಾರ್ರು ಬೇಜಾರು ಮಾಡ್ಕೋತಾರೆ" ಎಂದರು.

ಸಕಲೇಶಪುರದ ಮೇಷ್ಟ್ರು

ಮಗಳೇ, ನಾನು ಹಾನುಬಾಳು, ಹೆತ್ತೂರು ಕಡೆಯ ಶಾಲೆಗಳಲ್ಲಿ ಪಾಠ ಮಾಡಿದವನು. ಈಗ ನಿವೃತ್ತ. ನಿನ್ನಮ್ಮ ಅತ್ತಿದ್ದು ಓದಿ ನನಗೆ ಒಂದು ಹುಡುಗಿ ನೆನಪಾದಳು.

ನಮ್ಮ ಶಾಲೆಯಲ್ಲಿ ಅರ್ಧಕ್ಕೂ ಹೆಚ್ಚು ಲೈನ್ ಮಕ್ಕಳೇ. ಜೂನ್‌ನಲ್ಲಿ ತುಂಬಿರುತ್ತಿದ್ದ ತರಗತಿ ನವೆಂಬರ್ ಕೊನೆಗೆ ಬರಿದಾಗುತ್ತಿತ್ತು. ಅರೇಬಿಕಾ ಹಣ್ಣಾಗುವುದು ಆಗ. ಅದು ಮುಗಿಯುವುದರೊಳಗೆ ರೊಬಸ್ಟಾ ಕುಯ್ಲು. ಕುಯ್ಲಿಗೆ ಕೆಜಿ ಲೆಕ್ಕ. ಮಗು ಜೊತೆಗಿದ್ದರೆ ತಾಯಿಯ ಚೀಲಕ್ಕೆ ಹತ್ತು ಕೆಜಿ ಜಾಸ್ತಿ. ತಾಯಿ ಮಗುವನ್ನು ದುಡಿಸುತ್ತಾಳೆ ಎಂದು ನಾನು ಎಂದೂ ಅಂದುಕೊಂಡಿಲ್ಲ. ಮನೆಯಲ್ಲಿ ಒಂದೇ ಬಿಟ್ಟು ಹೋದರೆ ಆನೆ ಭಯ, ಹಾವಿನ ಭಯ. ತೋಟಕ್ಕೆ ಕರೆದುಕೊಂಡು ಹೋದರೆ ಕೈ ಸುಮ್ಮನಿರುವುದಿಲ್ಲ. ಕೆಳಗೆ ಉದುರಿದ ಹಣ್ಣು ಆಯುತ್ತದೆ.

ನಾನು ಹೇಳಿದ ಹುಡುಗಿ ಐದನೇ ತರಗತಿಯಲ್ಲಿ ಬಹಳ ಚುರುಕು. ಆರನೇ ತರಗತಿಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಪರೀಕ್ಷೆ ಬರೆಸಬೇಕು ಎಂದು ಅರ್ಜಿ ತಂದೆ. ಜಾತಿ ಪ್ರಮಾಣಪತ್ರ ಬೇಕಾಯಿತು. ಅವಳ ಅಜ್ಜ ಸೇಲಂ ಕಡೆಯಿಂದ ಬಂದವರು. ಅಪ್ಪ ಹುಟ್ಟಿದ್ದೂ ಇಲ್ಲೇ, ಇವಳು ಹುಟ್ಟಿದ್ದೂ ಇಲ್ಲೇ. ಕಚೇರಿಯಲ್ಲಿ "1950ರಲ್ಲಿ ನಿಮ್ಮ ಕುಟುಂಬ ಎಲ್ಲಿತ್ತು?" ಎಂದು ಕೇಳಿದರು. ಪರಿಶಿಷ್ಟ ಜಾತಿಗಳ ಪಟ್ಟಿಯ ಆದೇಶ ಬಂದಿದ್ದು ಆ ವರ್ಷ. ಆಮೇಲೆ ಬೇರೆ ರಾಜ್ಯದಿಂದ ಬಂದವರಿಗೆ ಇಲ್ಲಿ ಆ ಸೌಲಭ್ಯ ಸಿಗುವುದಿಲ್ಲ. ತಮಿಳುನಾಡಿಗೆ ಹೋಗಿ ಕೇಳಿದರೆ, ನೀವು ಇಲ್ಲಿನವರಲ್ಲ ಎನ್ನುತ್ತಾರೆ. ಆ ಹುಡುಗಿ ಏಳನೇ ತರಗತಿ ಮುಗಿಸಿ ತೋಟಕ್ಕೆ ಹೆಸರು ಕೊಟ್ಟಳು. ನಾನು ಇನ್ನೂ ನಾಲ್ಕು ಸಲ ಕಚೇರಿಗೆ ಹೋಗಬೇಕಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ನೀನು ಪಿಯುಸಿ ಮುಗಿಸಿ ಹೊರಗೆ ಬಂದೆಯಲ್ಲ, ನಿನ್ನ ತಾಯಿಯ ಕಣ್ಣೀರು ದಾಟಿ ಬಂದೆ. ಅದು ಸಣ್ಣದಲ್ಲ.

ನೇರ ಮಾತು

ಎಲ್ಲ ಸರಿ. ಆದರೆ ಒಂದು ವಿಷಯ ಯಾರೂ ಹೇಳುತ್ತಿಲ್ಲ. ಬಟವಾಡೆ ದಿನ ಸಂಜೆ ಪೇಟೆಯಲ್ಲಿ ನಿಂತು ನೋಡಿ. ಅರ್ಧ ಕೂಲಿ ಬಾರಿಗೆ ಹೋಗುತ್ತದೆ. ಗಂಡಸರು ಕುಡಿಯುವುದನ್ನು ಬಿಟ್ಟಿದ್ದರೆ 42 ವರ್ಷದಲ್ಲಿ ಒಂದು ಸೈಟು ತೆಗೆದುಕೊಳ್ಳಲು ಆಗುತ್ತಿರಲಿಲ್ಲವೇ?

ಆಶಾ ಅಕ್ಕ, ಕಳಸ

ಅಣ್ಣ, ಕುಡಿತ ಇದೆ. ನಾನು ಮನೆಮನೆಗೆ ಹೋಗುವವಳು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಏಟು ತಿಂದ ಹೆಂಗಸರಿಗೆ ಮುಲಾಮು ಹಚ್ಚಿದವಳು ನಾನು. ಅದರ ಪರ ಒಂದು ಮಾತೂ ಆಡುವುದಿಲ್ಲ.

ಆದರೆ ನೀವು ಸೈಟಿನ ಮಾತು ಎತ್ತಿದಿರಿ, ಅದಕ್ಕೆ ಹೇಳುತ್ತೇನೆ. ಕುಡಿಯದ ಮನೆಗಳೂ ನನ್ನ ಪಟ್ಟಿಯಲ್ಲಿ ಬೇಕಾದಷ್ಟಿವೆ. ಗಂಡ ತೀರಿಕೊಂಡು ಒಬ್ಬಳೇ ದುಡಿಯುವವಳ ಮನೆ ಇದೆ. ಅವರಿಗೂ ಸೈಟಿಲ್ಲ. ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ಮಳೆ ಹೇಗೆ ಹೊಡೆಯುತ್ತದೆ ಎಂದು ನಿಮಗೆ ಗೊತ್ತೇ ಇದೆ. ಕೊಪ್ಪೆ ಹಾಕಿಕೊಂಡು ಹೋದರೂ ಅರ್ಧ ದಿನಕ್ಕೆ ವಾಪಸ್. ತಿಂಗಳಲ್ಲಿ ಹತ್ತು ಹನ್ನೆರಡು ಹಾಜರಿ ಬಿದ್ದರೆ ದೊಡ್ಡದು. ಕುಯ್ಲಿನಲ್ಲಿ ಉಳಿದ ದುಡ್ಡು ಆ ಎರಡು ತಿಂಗಳಿಗೆ ಕರಗುತ್ತದೆ.

ಇನ್ನು ಆರೋಗ್ಯ. ಬಸುರಿಯರ ರಕ್ತ ಪರೀಕ್ಷೆ ಮಾಡಿಸಿದರೆ ರಕ್ತಹೀನತೆ ಇಲ್ಲದವರು ಅಪರೂಪ. ಕಬ್ಬಿಣದ ಮಾತ್ರೆ ಕೊಡುತ್ತೇನೆ. "ಹೊಟ್ಟೆ ತೊಳೆಸುತ್ತೆ ಅಕ್ಕ, ಬುಟ್ಟಿ ಹೊರೋಕಾಗಲ್ಲ" ಎಂದು ಮಾಡಿನ ಸಂದಿಯಲ್ಲಿ ಸಿಕ್ಕಿಸಿರುತ್ತಾರೆ. ಆರು ಮನೆಗೆ ಎರಡು ಶೌಚಾಲಯ ಇರುವ ಲೈನೂ ಇದೆ. ನೀರಿಲ್ಲದಿದ್ದರೆ ಬೆಳಗಿನ ಜಾವ ತೋಟದೊಳಗೇ ಹೋಗಬೇಕು. ಆನೆ ತಿರುಗಾಡುವುದೂ ಅದೇ ಹೊತ್ತಿನಲ್ಲಿ. ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯಿಂದ ಮೊಬೈಲಿಗೆ ಸಂದೇಶ ಬರುತ್ತದೆ, ನಿಜ. ನಮ್ಮ ಕೆಲವು ಲೈನುಗಳಲ್ಲಿ ಸಿಗ್ನಲ್ಲೇ ಇಲ್ಲ.

ಕುಡಿಯುವವನನ್ನು ಬೈಯಿರಿ ಅಣ್ಣ, ಬೇಡ ಎನ್ನುವುದಿಲ್ಲ. ಅವನ ಹೆಂಡತಿ ಮಕ್ಕಳ ಮನೆಯ ಪ್ರಶ್ನೆ ಬೇರೆ.

ನೇರ ಮಾತು

ಅಕ್ಕ, ನೀವು ಹೇಳಿದ್ದು ಒಪ್ಪಿದೆ. ಒಂಟಿ ಹೆಂಗಸರ ವಿಷಯ ನಾನು ಯೋಚಿಸಿರಲಿಲ್ಲ.

ಹನ್ನೊಂದು ಎಕರೆ, ಆಲ್ದೂರು

ನಾನು ಬೆಳೆಗಾರ. ಈ ಮಾತು ಓದಿ ಸುಮ್ಮನೆ ಹೋಗಲು ಮನಸ್ಸಾಗಲಿಲ್ಲ.

ಕಾಫಿ ಬೆಳೆಗಾರರು ಅಂದರೆ ಎಲ್ಲರೂ ದೊಡ್ಡ ಎಸ್ಟೇಟಿನವರು ಎಂದು ಹೊರಗಿನವರು ತಿಳಿದಿರುತ್ತಾರೆ. ಹಾಗಿಲ್ಲ. ದೇಶದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಜನ ನನ್ನಂಥ ಸಣ್ಣವರೇ. ನನ್ನ ತಂದೆ ಕಂಡ ಏರಿಳಿತ ನಾನೂ ಕಂಡಿದ್ದೇನೆ. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದ ಮುರಿದಾಗ ಬೆಲೆ ಬಿತ್ತು. ತೊಂಬತ್ತರ ದಶಕದಲ್ಲಿ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿಗೇ ಕೊಡಬೇಕಾಗಿದ್ದ ಪೂಲ್ ಪದ್ಧತಿ ಹೋಗಿ ಮುಕ್ತ ಮಾರಾಟ ಬಂದಾಗ ಒಂದಷ್ಟು ವರ್ಷ ಕೈತುಂಬ ಬಂತು. 2000ದ ಆಚೆಈಚೆ ಮತ್ತೆ ಪಾತಾಳಕ್ಕೆ ಹೋಯಿತು. ಆಗ ಎಷ್ಟೋ ತೋಟಗಳಲ್ಲಿ ಖಾಯಂ ಆಳುಗಳನ್ನು ಕಡಿಮೆ ಮಾಡಿದರು. ಲೈನ್ ಖಾಲಿಯಾಗಲು ಶುರುವಾಗಿದ್ದು ಆಗಲೇ. ಬಿಳಿ ಕಾಂಡಕೊರಕ ಹುಳ ಬಂದು ಅರೇಬಿಕಾ ಗಿಡ ಕಿತ್ತು ಸುಟ್ಟಿದ್ದು ಬೇರೆ ಕಥೆ.

ಈಗ 2024ರಿಂದ ಬೆಲೆ ಹಿಂದೆಂದೂ ಇಲ್ಲದಷ್ಟು ಏರಿದ್ದು ನಿಜ. ಈಗಲೂ ಆಳುಗಳಿಗೆ ಮಾಡದಿದ್ದರೆ ಇನ್ನು ಯಾವಾಗ ಮಾಡುತ್ತೇವೆ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಅವಳ ಮಾತು ಸರಿ.

ನನ್ನಲ್ಲಿ ನಾಲ್ಕು ಕೋಣೆಯ ಒಂದು ಲೈನ್ ಇದೆ. ಒಂದರಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದಾರೆ. ಕೆಲಸ ಮಾಡುವ ಶಕ್ತಿ ಇಲ್ಲ, ಇರಲಿ ಎಂದು ಬಿಟ್ಟಿದ್ದೇನೆ. ಆದರೆ ನನ್ನ ಮಗ ತೋಟ ಮಾರಿದರೆ ಅವರ ಗತಿ ಏನು? ಮಾತಿನ ಮೇಲೆ ನಿಂತ ಮನೆ ಅದು. ಮಾತು ಕೊಟ್ಟವನು ಹೋದರೆ ಮನೆಯೂ ಹೋಯಿತು.

ಹಳೇ ಯೂನಿಯನ್, ಚಿಕ್ಕಮಗಳೂರು

ನಿಮ್ಮ ಮಾತಿಗೆ ಗೌರವ ಇದೆ ಸರ್. ನಿಮ್ಮ ತೋಟ ಹನ್ನೊಂದು ಎಕರೆ ಎಂದಿದ್ದರಿಂದ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ.

1951ರ ತೋಟ ಕಾರ್ಮಿಕರ ಕಾಯ್ದೆ ಅನ್ವಯವಾಗುತ್ತಿದ್ದುದು 5 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ತೋಟಕ್ಕೆ. ಅಂದರೆ ಸುಮಾರು 12 ಎಕರೆ 14 ಗುಂಟೆ. ಜೊತೆಗೆ 15 ಜನ ಕೆಲಸದವರಿರಬೇಕಿತ್ತು. ಆ ಅಳತೆಯ ತೋಟವಾದರೆ ಮನೆ, ಕುಡಿಯುವ ನೀರು, ಶೌಚಾಲಯ, ವೈದ್ಯಕೀಯ ಸೌಲಭ್ಯ ಮಾಲೀಕರ ಹೊಣೆಯಾಗಿತ್ತು. 50 ಹೆಣ್ಣಾಳುಗಳಿದ್ದರೆ ಕೂಸುಗಳಿಗೆ ಶಿಶುವಿಹಾರ ಮಾಡಬೇಕಿತ್ತು. 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಶಾಲೆಯ ಏರ್ಪಾಡು ಮಾಡಿ ಎಂದು ಸರ್ಕಾರ ಹೇಳಬಹುದಿತ್ತು. 1981ರ ತಿದ್ದುಪಡಿಯಲ್ಲಿ, ಲೈನ್ ಮನೆ ಕುಸಿದು ಸತ್ತರೆ ಅಥವಾ ಪೆಟ್ಟಾದರೆ ಪರಿಹಾರ ಮಾಲೀಕರೇ ಕೊಡಬೇಕು ಎಂದೂ ಸೇರಿಸಿದರು. ಈ ಕಾಯ್ದೆಯನ್ನು 2020ರ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ, 2025ರ ನವೆಂಬರ್‌ನಿಂದ ಆ ಸಂಹಿತೆಯೇ ಜಾರಿಯಲ್ಲಿದೆ.

ಕಾಯ್ದೆ ಮಾಡಿದಾಗ ಅದು ಬಹಳ ದೊಡ್ಡ ಹೆಜ್ಜೆ. ಬ್ರಿಟಿಷರ ಕಾಲದ ಲೈನಿನಲ್ಲಿ ದನದ ಹಾಗೆ ಇದ್ದವರಿಗೆ ಒಂದು ಮಾಡು ಸಿಕ್ಕಿತು. ಆದರೆ ಕಾಯ್ದೆಯ ಮನೆ "ಕೆಲಸಗಾರನಿಗೆ" ಕೊಡುವ ಮನೆ. ಕೆಲಸಗಾರ ಮುದುಕನಾದರೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಇರಲಿಲ್ಲ. ನಾವು ಯೂನಿಯನ್‌ನಲ್ಲಿ ಇಡೀ ಜೀವನ ಕೂಲಿ, ಬೋನಸ್ಸು, ಕಂಬಳಿ ಇವಕ್ಕೇ ಹೋರಾಡಿದೆವು. ಸೈಟು ಕೇಳಿ ಧರಣಿ ಕೂರಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಇನ್ನೊಂದು. ಒಂದೇ ತೋಟವನ್ನು ಕಾಗದದಲ್ಲಿ ಅಣ್ಣತಮ್ಮಂದಿರ ಹೆಸರಿಗೆ ಹತ್ತು ಹತ್ತು ಎಕರೆ ಮಾಡಿದರೆ ಕಾಯ್ದೆಯಿಂದ ಹೊರಗೆ ಹೋಗಬಹುದು. ಭಾಗ ಆಗುವುದು ಸಂಸಾರದಲ್ಲಿ ಸಹಜ, ಅದರ ಬಗ್ಗೆ ನನ್ನ ತಕರಾರಿಲ್ಲ. ಲೈನಿನಲ್ಲಿರುವ ಹೆಂಗಸಿಗೆ ಮಾತ್ರ ಯಾವ ಬೆಳಗ್ಗೆ ತನ್ನ ಹಕ್ಕು ಹೋಯಿತು ಎಂದೇ ಗೊತ್ತಾಗುವುದಿಲ್ಲ.

ಕಡೂರು ಕಡೆಯವ

ನಾವು ಕುಯ್ಲಿಗೆ ಬರುವವರು. ಡಿಸೆಂಬರ್‌ನಲ್ಲಿ ರಾಗಿ ಕಣ ಮುಗಿಸಿ ಪಿಕಪ್ ಹತ್ತುತ್ತೇವೆ. ಮೇಸ್ತ್ರಿ ಮುಂಚೆಯೇ ಅಡ್ವಾನ್ಸ್ ಕೊಟ್ಟಿರುತ್ತಾನೆ, ತಲೆಗೆ ಇಷ್ಟು ಎಂದು ಕಮಿಷನ್ ಹಿಡಿಯುತ್ತಾನೆ. ಮಲಗಲು ಗೋಡೌನ್ ಅಥವಾ ಶೀಟಿನ ಶೆಡ್. ಚಳಿಗೆ ಮಕ್ಕಳು ರಾತ್ರಿಯೆಲ್ಲ ಕೆಮ್ಮುತ್ತವೆ.

ನಮ್ಮ ಕಡೆ ಮಳೆ ನೆಚ್ಚಿಕೊಂಡು ಎರಡು ಎಕರೆ ಹೊಲ. ಬೋರ್ ಬತ್ತಿ ತೆಂಗು ಒಣಗಿದೆ. ಆದರೂ ಶಿವರಾತ್ರಿ ಹೊತ್ತಿಗೆ ವಾಪಸ್ ಹೋಗಲು ನಮಗೊಂದು ಮನೆ ಇದೆ, ಊರ ಮುಂದೆ ದೇವಸ್ಥಾನ ಇದೆ, ಮತ ಹಾಕುವ ಬೂತ್ ಇದೆ. ಅಕ್ಕ ಬರೆದದ್ದು ಓದಿ ನನ್ನ ಹೆಂಡತಿಗೆ ಓದಿ ಹೇಳಿದೆ. "ನಮಗಿಂತ ಅವರದೇ ಕಷ್ಟ" ಎಂದಳು. ನಾವು ಯಾವಾಗಲೂ ಲೈನಿನವರನ್ನು ನೋಡಿ, ಇವರಿಗೆ ವರ್ಷವಿಡೀ ಕೆಲಸ, ಪುಕ್ಕಟೆ ಮನೆ, ಸೌದೆ ಎಂದು ಹೊಟ್ಟೆಕಿಚ್ಚು ಪಟ್ಟಿದ್ದೇವೆ.

ಹೋಂಸ್ಟೇ ಹುಡುಗ

ನಮ್ಮ ಲೈನನ್ನು ಮೂರು ವರ್ಷದ ಹಿಂದೆ ರಿಪೇರಿ ಮಾಡಿ ಹೋಂಸ್ಟೇ ಮಾಡಿದರು. ನಾವಿದ್ದ ಕೋಣೆಗೆ ಈಗ ಟೈಲ್ಸ್ ಹಾಕಿದ್ದಾರೆ. ವಾರಾಂತ್ಯಕ್ಕೆ ಬೆಂಗಳೂರಿನವರು ಬರುತ್ತಾರೆ. ನಾನು ಅಲ್ಲೇ ಬೆಡ್‌ಶೀಟ್ ಬದಲಾಯಿಸುವ ಕೆಲಸದಲ್ಲಿದ್ದೇನೆ. ಸಂಬಳ ತೋಟಕ್ಕಿಂತ ಜಾಸ್ತಿ, ಅದು ಸತ್ಯ. ಅಮ್ಮ ಪೇಟೆಯಲ್ಲಿ ಬಾಡಿಗೆಗೆ ಇದ್ದಾರೆ. ಆ ಕೋಣೆಗೆ ಹೋದಾಗಲೆಲ್ಲ ಅಮ್ಮ ದೇವರ ಫೋಟೊ ಇಟ್ಟಿದ್ದ ಮೂಲೆ ಕಣ್ಣಿಗೆ ಬೀಳುತ್ತದೆ.

ಪಂಚಾಯಿತಿ ಸದಸ್ಯೆ, ಬೇಲೂರು ತಾಲ್ಲೂಕು

ನಾನು ಗ್ರಾಮ ಪಂಚಾಯಿತಿ ಸದಸ್ಯೆ. ಸೈಟಿನ ವಿಷಯ ನಮ್ಮ ಮೇಜಿಗೆ ಬಂದಾಗ ಏನಾಗುತ್ತದೆ ಎಂದು ಹೇಳುತ್ತೇನೆ.

ಸರ್ಕಾರದ ಮನೆ ಯೋಜನೆ ಯಾವುದೇ ಇರಲಿ, ಮೊದಲು ನಿಮ್ಮ ಹೆಸರಿನಲ್ಲಿ ನಿವೇಶನ ಬೇಕು. ಇಲ್ಲದವರ ಹೆಸರು ನಿವೇಶನರಹಿತರ ಪಟ್ಟಿಗೆ ಹೋಗುತ್ತದೆ. ಪಟ್ಟಿ ಉದ್ದ ಇದೆ, ಜಾಗ ಇಲ್ಲ. ಮಲೆನಾಡಿನಲ್ಲಿ ಸರ್ವೆ ನಂಬರ್ ತೆಗೆದು ನೋಡಿದರೆ ಒಂದು ಡೀಮ್ಡ್ ಫಾರೆಸ್ಟ್ (ಅರಣ್ಯ ಎಂದು ಪರಿಗಣಿಸಿದ ಜಾಗ), ಒಂದು ಸೆಕ್ಷನ್ 4 (ಅರಣ್ಯ ಮಾಡಲು ಅಧಿಸೂಚನೆಯಾದ ಜಾಗ), ಇನ್ನೊಂದು ಗೋಮಾಳ. ಖಾಲಿ ಇದೆ ಎಂದು ಹೋಗಿ ನೋಡಿದರೆ ಆಗಲೇ ಕಾಫಿ ಗಿಡ ನಿಂತಿರುತ್ತದೆ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಭೂ ಕಂದಾಯ ಕಾಯ್ದೆಯ 94ಸಿ ಅಡಿ ಹಕ್ಕುಪತ್ರ ಸಿಗುವ ದಾರಿ ಇದೆ. ಲೈನಿನವರು ಇರುವುದು ಖಾಸಗಿ ತೋಟದೊಳಗೆ. ಅವರಿಗೆ ಆ ಬಾಗಿಲೂ ಮುಚ್ಚಿದೆ. ಅರಣ್ಯ ಹಕ್ಕು ಕಾಯ್ದೆಗೆ ಹೋದರೆ, ಬುಡಕಟ್ಟಿನವರಲ್ಲದವರು 75 ವರ್ಷದ ಮೂರು ತಲೆಮಾರು ತೋರಿಸಬೇಕು.

2022ರಲ್ಲಿ ಭೂ ಕಂದಾಯ ಕಾಯ್ದೆಗೆ ತಿದ್ದುಪಡಿ ಮಾಡಿ, ಬೆಳೆಗಾರರು ಒತ್ತುವರಿ ಮಾಡಿದ ಸರ್ಕಾರಿ ಜಮೀನನ್ನು 25 ಎಕರೆವರೆಗೆ, 30 ವರ್ಷಕ್ಕೆ ಗುತ್ತಿಗೆ ಕೊಡಬಹುದು ಎಂದರು. ಬೆಳೆಗಾರರ ಕಷ್ಟ ನನಗೂ ಗೊತ್ತು, ನಮ್ಮ ಮನೆಯಲ್ಲೂ ತೋಟ ಇದೆ. ಗುತ್ತಿಗೆ ಕೊಡುವಾಗಲೇ ಅದೇ ಊರಿನ ಲೈನಿನವರಿಗೆ ಒಂದೆರಡು ಎಕರೆ ಬಿಡಿಸಿಕೊಳ್ಳಿ ಎಂದು ನಾನು ಸಭೆಯಲ್ಲಿ ಕೇಳಿದ್ದೆ. 30×40 ಅಳತೆಯಾದರೆ ಒಂದು ಎಕರೆಗೆ ರಸ್ತೆ, ಚರಂಡಿ ಬಿಟ್ಟು ಇಪ್ಪತ್ತು ಮನೆಗೆ ತೊಂದರೆಯಿಲ್ಲ. ಯಾರೂ ಬೇಡ ಎನ್ನಲಿಲ್ಲ. ಯಾರೂ ಬರೆದುಕೊಳ್ಳಲೂ ಇಲ್ಲ.

2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ತಾಂಡಾಗಳ ಸಾವಿರಾರು ಕುಟುಂಬಗಳಿಗೆ ಒಂದೇ ದಿನ ಹಕ್ಕುಪತ್ರ ಕೊಟ್ಟರು. ದಾಖಲೆಯೇ ಇಲ್ಲದ ವಸತಿಗಳನ್ನು ಕಂದಾಯ ಗ್ರಾಮ ಮಾಡಿ ಕೊಟ್ಟಿದ್ದು. ಮನಸ್ಸು ಮಾಡಿದರೆ ಆಗುತ್ತದೆ ಎಂದು ಆ ದಿನ ಟಿವಿ ನೋಡುತ್ತಾ ಅನ್ನಿಸಿತ್ತು.

ಹನ್ನೊಂದು ಎಕರೆ, ಆಲ್ದೂರು

ಮೇಡಂ, ನನಗೂ ಎರಡು ಎಕರೆ ಒತ್ತುವರಿ ಇದೆ. ಗುತ್ತಿಗೆಗೆ ನಾನೂ ಅರ್ಜಿ ಹಾಕಿದ್ದೇನೆ. ನೀವು ಹೇಳಿದ್ದು ನೇರವಾಗಿ ನನ್ನ ಎದೆಗೇ ತಗುಲಿತು. ಹತ್ತು ಗುಂಟೆ ಬಿಡಿ ಎಂದು ಯಾರಾದರೂ ಕೇಳಿದ್ದರೆ ಬಿಡುತ್ತಿದ್ದೆ. ಕೇಳುವವರೂ ಬರಲಿಲ್ಲ, ನಾನಾಗಿ ಹೇಳಲೂ ಇಲ್ಲ.

ಅಮ್ಮನ ಪರವಾಗಿ ಮಗ

ಇದು ನಮ್ಮಮ್ಮ ಹೇಳಿದ್ದು, ನಾನು ಟೈಪ್ ಮಾಡುತ್ತಿದ್ದೇನೆ.

"ಸಾಲದ ವಿಷಯ ಯಾರೂ ಬರೆದಿಲ್ಲ. ಮಗಳ ಹೆರಿಗೆ ಕಷ್ಟವಾಗಿ ಆಪರೇಷನ್ ಆಯ್ತು. ಬ್ಯಾಂಕಿಗೆ ಹೋದೆ. ಪಹಣಿ ಇದೆಯಾ, ಮನೆ ಪತ್ರ ಇದೆಯಾ ಅಂದ್ರು. ಎಂತದೂ ಇಲ್ಲ. ಆಮೇಲೆ ವಾರದ ಸಂಘದವರು ಹತ್ತು ಹೆಂಗಸರನ್ನ ಸೇರಿಸಿ 40,000 ಕೊಟ್ರು. ಆಧಾರ್ ಕಾರ್ಡು ಸಾಕು ಅಂದ್ರು. ವಾರ ವಾರ ಕಂತು. ಬೇಸಿಗೆಲಿ ಕಟ್ಟಿದೆ. ಆಷಾಢದಲ್ಲಿ ಕೆಲಸ ಇಲ್ಲ, ಕಂತು ನಿಲ್ಲಲ್ಲ. ಒಬ್ಬಳು ಕಟ್ಟದಿದ್ರೆ ಉಳಿದವರು ಏಳಲ್ಲ, ಅಲ್ಲೇ ಕೂರ್ತಾರೆ. ಆ ಅವಮಾನಕ್ಕೆ ಇನ್ನೊಂದು ಸಂಘದಲ್ಲಿ ತಗೊಂಡು ಇದಕ್ಕೆ ಕಟ್ಟಿದೆ. ಮೂಗುಬೊಟ್ಟು ಮಾರಿ ಎರಡನೇದು ತೀರಿಸಿದೆ. ಮನೆ ಪತ್ರ ಒಂದಿದ್ದಿದ್ರೆ ಬ್ಯಾಂಕಿನಲ್ಲೇ ಕೊಡ್ತಿದ್ರು ಅಲ್ವಾ?"

ಅಮ್ಮ ಹೇಳಿದ್ದು ಇಷ್ಟು. ನನ್ನದೊಂದು ಮಾತು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ಮನೆ ಮುಂದೆ ಬಂದು ಬೈಯುವುದು ನಮ್ಮ ಕಡೆ ಕಡಿಮೆಯಾಗಿದೆ. ಸಾಲ ಬೇಕಾಗುವುದು ಕಡಿಮೆಯಾಗಿಲ್ಲ.

ಆಶಾ ಅಕ್ಕ, ಕಳಸ

ಆ ಅಮ್ಮನಿಗೆ ನನ್ನ ನಮಸ್ಕಾರ ಹೇಳು ಮಗಾ. ಆಯುಷ್ಮಾನ್ ಕಾರ್ಡ್ ಮಾಡಿಸಿದ್ದೀರಾ? ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡು ಆಧಾರಿಗೆ ಜೋಡಣೆಯಾಗಿದ್ದರೆ ಅರ್ಧ ಗಂಟೆ ಕೆಲಸ. ಲೈನಿನ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಬಸ್ಸಿನ ಮಾತೂ ಸೇರಿಸುತ್ತೇನೆ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ 2023ರಿಂದ ಟಿಕೆಟ್ ಇಲ್ಲ. ನಮ್ಮ ಭಾಗದಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್. ಕೊಪ್ಪದ ಸಹಕಾರ ಸಾರಿಗೆ ಇದ್ದಾಗ ಒಳದಾರಿಗಳಿಗೂ ಬಸ್ ಬರುತ್ತಿತ್ತು. ಕಾರ್ಮಿಕರೇ ಕಟ್ಟಿ ನಡೆಸಿದ ಸಂಸ್ಥೆ ಅದು. 2020ರಲ್ಲಿ ನಿಂತುಹೋಯಿತು. ಈಗ ತಪಾಸಣೆಗೆ ಹೋಗಬೇಕಾದ ಬಸುರಿ ಆಟೋಗೆ ಕೊಡುವ ದುಡ್ಡಿನಲ್ಲಿ ಎರಡು ದಿನದ ಕೂಲಿ ಹೋಗುತ್ತದೆ.

ಸಕಲೇಶಪುರದ ಮೇಷ್ಟ್ರು

ಅಸ್ಸಾಂ ಕಡೆಯವರ ಬಗ್ಗೆಯೂ ಒಂದು ಮಾತು. ಅವರ ಮೇಲೆ ಯಾರೂ ಸಿಟ್ಟಾಗುವುದು ಬೇಡ. ನಮ್ಮ ಶಾಲೆಗೆ ಅವರ ಇಬ್ಬರು ಮಕ್ಕಳು ಸೇರಿದ್ದರು. ಮೂರು ತಿಂಗಳಲ್ಲಿ ಕನ್ನಡದಲ್ಲಿ ಮಗ್ಗಿ ಹೇಳಿದರು. ನಾಲ್ಕನೇ ತಿಂಗಳು ಬೇರೆ ತೋಟಕ್ಕೆ ಹೋದರು. ವರ್ಗಾವಣೆ ಪತ್ರ ಕೇಳಲೂ ಬರಲಿಲ್ಲ. ಒಂದು ಕಾಲದಲ್ಲಿ ಸೇಲಂನಿಂದ ಬಂದವರ ಜಾಗದಲ್ಲಿ ಈಗ ಇವರು ಇದ್ದಾರೆ. ನಲವತ್ತು ವರ್ಷದ ಮೇಲೆ ಇವರ ಮಗಳೊಬ್ಬಳು ಇದೇ ಪ್ರಶ್ನೆ ಕೇಳುವ ಹಾಗೆ ಆಗಬಾರದು.

ಮಗಳೇ, ಅರ್ಜಿಗಳನ್ನು ನಾನು ಬರೆದುಕೊಡುತ್ತೇನೆ. ಕನ್ನಡದಲ್ಲಿ ಸ್ಪಷ್ಟವಾಗಿ, ದಿನಾಂಕ ಹಾಕಿ, ಎರಡು ಪ್ರತಿ. ಒಂದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೋ.

ಲೈನ್ ಮನೆ ಮಗಳು, ಮೂಡಿಗೆರೆ

ಇವತ್ತು ಊರಿಗೆ ಹೋಗಿ ಬಂದೆ. ಎಲ್ಲರ ಮಾತನ್ನೂ ಅಪ್ಪ ಅಮ್ಮನ ಎದುರು ಓದಿದೆ. ಕಡೂರಿನ ಅಣ್ಣನ ಹೆಂಡತಿ ಹೇಳಿದ ಮಾತಿಗೆ ಅಮ್ಮ, "ಅವರೂ ಪಾಪ, ಗೋಡೌನಿನಲ್ಲಿ ಮಲಗ್ತಾರೆ" ಎಂದರು.

ಪಿಎಫ್ ಚೀಟಿ ಸಿಕ್ಕಿತು. ಅದರಲ್ಲಿ ಅಪ್ಪನ ಹೆಸರು ಒಂದು, ಆಧಾರಿನಲ್ಲಿ ಇನ್ನೊಂದು. ಹುಟ್ಟಿದ ವರ್ಷವೂ ಬೇರೆ. ಅದನ್ನು ತಿದ್ದಿಸಲು ತೋಟದ ಕಚೇರಿಯ ಸಹಿ ಬೇಕು. ರೈಟರ್ ಹತ್ತಿರ ನಾನೇ ಹೋದೆ. ಗ್ರಾಚ್ಯುಟಿ ಅರ್ಜಿ ಕೊಡುತ್ತೇವೆ, ಹಣ ಬಂದ ದಿನ ಮನೆ ಬೀಗ ಕೊಡುತ್ತೇವೆ ಎಂದೆ. ಅವರು ಸಾಹುಕಾರ್ರಿಗೆ ಕೇಳಿ ಹೇಳುತ್ತೇನೆ ಎಂದರು. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಏನೂ ಮಾತಾಡಲಿಲ್ಲ, ಆದರೆ ಹೊರಡುವಾಗ ನನ್ನ ಹಿಂದೆ ಬರಲಿಲ್ಲ, ಜೊತೆಗೆ ನಡೆದರು.

ಪರಿಹಾರದ ಅರ್ಜಿಗೆ ಎಕ್ಸ್‌ರೇ, ಚೀಟಿ ಎಲ್ಲ ಜೆರಾಕ್ಸ್ ಮಾಡಿಸಿದ್ದೇನೆ. ಮೇಷ್ಟ್ರೇ, ಭಾನುವಾರ ಫೋನ್ ಮಾಡುತ್ತೇನೆ.

ಪಂಚಾಯಿತಿ ಸದಸ್ಯೆ, ಬೇಲೂರು ತಾಲ್ಲೂಕು

ಒಳ್ಳೆಯದಾಯಿತು. ನಿಮ್ಮ ಪಂಚಾಯಿತಿಯ ಗ್ರಾಮ ಸಭೆ ಯಾವಾಗ ಎಂದು ಕೇಳಿಕೊಳ್ಳಿ. ನಿವೇಶನರಹಿತರ ಪಟ್ಟಿಗೆ ಅಮ್ಮನ ಹೆಸರಿನಲ್ಲಿ ಅರ್ಜಿ ಹಾಕಿ. ಒಬ್ಬರೇ ಹೋಗಬೇಡಿ. ಲೈನಿನ ಅಷ್ಟೂ ಮನೆಯವರು ಒಂದೇ ದಿನ ಅರ್ಜಿ ಕೊಟ್ಟರೆ ನಡಾವಳಿಯಲ್ಲಿ ಬರೆಯಲೇಬೇಕಾಗುತ್ತದೆ. ಹೆಸರು ಓದಿ ಹೇಳಿದ್ದನ್ನು ಕೇಳಿಸಿಕೊಂಡೇ ಎದ್ದು ಬನ್ನಿ.

ಹನ್ನೊಂದು ಎಕರೆ, ಆಲ್ದೂರು

ಲೈನ್ ಮನೆ ಮಗಳೇ, ಮನೆಯಲ್ಲಿ ಮಾತಾಡಿದೆ. ನಮ್ಮ ಲೈನಿನಲ್ಲಿ ಒಂದು ಕೋಣೆ ಖಾಲಿ ಇದೆ. ಸೈಟಿನದ್ದು ಇತ್ಯರ್ಥ ಆಗುವವರೆಗೆ ಅಪ್ಪ ಅಮ್ಮ ಅಲ್ಲಿರಬಹುದು. ಕೆಲಸ ಮಾಡಲೇಬೇಕು ಎಂದಿಲ್ಲ. ಈ ಮಳೆಗಾಲ, ಮುಂದಿನ ಮಳೆಗಾಲ ಎರಡೂ ಸೇರಿಸಿ ಕಾಗದದಲ್ಲೇ ಬರೆದುಕೊಡುತ್ತೇನೆ, ಮಗನ ಸಹಿಯನ್ನೂ ಹಾಕಿಸುತ್ತೇನೆ. ಹೆಂಚು ನಾಲ್ಕು ಒಡೆದಿವೆ, ಈ ವಾರ ಹಾಕಿಸುತ್ತೇನೆ. ನೀರಿನ ನಲ್ಲಿ ಬಾಗಿಲ ಹತ್ತಿರವೇ ಇದೆ.

ಲೈನ್ ಮನೆ ಮಗಳು, ಮೂಡಿಗೆರೆ

ಸರ್, ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಅಪ್ಪನಿಗೆ ಈಗಷ್ಟೇ ಹೇಳಿದೆ. ಒಮ್ಮೆ ಬಂದು ನೋಡುತ್ತಾರಂತೆ. ಗ್ರಾಚ್ಯುಟಿ ಕೈಗೆ ಬರುವ ಮುಂಚೆ ಇಲ್ಲಿಂದ ಏಳುವುದು ಬೇಡ ಎಂದು ಯೂನಿಯನ್ ಅಣ್ಣ ಹೇಳಿದ್ದನ್ನೂ ನೆನಪಿಸಿದ್ದೇನೆ.

ಅಮ್ಮನ ಹತ್ತಿರ ಐದು ಕೋಳಿ, ಒಂದು ಹುಂಜ ಇದೆ. ಅಲ್ಲಿ ಸಾಕಬಹುದಾ ಎಂದು ಕೇಳುತ್ತಿದ್ದಾರೆ.

ಹನ್ನೊಂದು ಎಕರೆ, ಆಲ್ದೂರು

ಧಾರಾಳವಾಗಿ ಸಾಕಲಿ. ಹಿಂದುಗಡೆ ಹಳೇ ಗೂಡು ಇದೆ, ಬಾಗಿಲು ಮಾತ್ರ ಹೊಸದು ಹಾಕಿಸಬೇಕು. ರಾತ್ರಿ ಕಾಡುಬೆಕ್ಕು ಬರುತ್ತದೆ.